ಅಕ್ಕೋರ ಮಾಳಿಗೆ ತೊಳೆದ ಮೇಲೆ

ಬಾದಾಮಿಯ ಅಕ್ಕೋರ ಮನೆಯ ಕೆಲಸ ಒಪ್ಪಿಕೊಂಡಾಗ ನಾನು ನೀರು ರಭಸದಿಂದ ಹೊಡೆದು ತೊಳೆಯುವ ಪ್ರೆಶರ್ ಮಷಿನ್ ಹಿಡಿದು ಮೂರು ವರ್ಷವಾಗಿತ್ತು. ಅದಕ್ಕೂ ಮೊದಲು ಇಳಕಲ್ಲಿನ ಒಂದು ಗ್ರಾನೈಟ್ ಕಾರ್ಖಾನೆಯಲ್ಲಿ ಗಾಡಿ ಓಡಿಸುತ್ತಿದ್ದೆ. ಅಲ್ಲಿ ಕಲ್ಲು ತೊಳೆಯುವ ಮಷಿನ್ ನೋಡಿದ್ದೇ ತಲೆಯಲ್ಲಿ ಹುಳ ಹೊಕ್ಕಿತು. ಹಳೆಯದೊಂದು ಮಷಿನ್, ಐನೂರು ಲೀಟರಿನ ಟ್ಯಾಂಕ್, ಅವನ್ನು ಹೊರಲು ಒಂದು ಗೂಡ್ಸ್ ಆಟೊ ಕೊಂಡು ಬಾಗಲಕೋಟೆಯ ನವನಗರಕ್ಕೆ ಬಂದು ನಾನೂ ಹೆಂಡತಿಯೂ ನೆಲೆಸಿದೆವು. ನಮ್ಮ ಕಡೆಯ ಸವಳು ನೀರಿಗೆ ಫರಸಿ ಕಲ್ಲು ಹಾಸಿದ ಅಂಗಳವೆಲ್ಲ ಬೆಳ್ಳಗೆ ಹೊಪ್ಪಳಿಕೆ ಕಟ್ಟುತ್ತದೆ. ಮಳೆಗಾಲದ ಪಾಚಿ ಒಣಗಿ ಮನೆಯ ಮೇಲಿನ ತೆರೆದ ಮಾಳಿಗೆ ಕಪ್ಪಾಗುತ್ತದೆ. ಕೆಲಸಕ್ಕೆ ಬರವಿರಲಿಲ್ಲ. ಫೋನ್ ಎತ್ತುವುದು, ದರ ಹೇಳುವುದು ಹೆಂಡತಿಯ ಪಾಲಿಗೆ. ತೊಳೆಯುವುದು, ಬಾಕಿ ಕೇಳುವುದು ನನ್ನ ಪಾಲಿಗೆ.

ಆ ಬಾಕಿ ಕೇಳುವ ಕೆಲಸ ನನ್ನ ಸ್ವಭಾವವನ್ನೇ ಕೆಡಿಸಿತ್ತು. ಒಬ್ಬರು ಮೂಲೆಯ ಎಣ್ಣೆ ಕಲೆ ತೋರಿಸಿ ಅರ್ಧ ದುಡ್ಡು ಹಿಡಿದುಕೊಂಡಿದ್ದರು. ಹುನಗುಂದದಲ್ಲಿ ಒಬ್ಬರು ಕೆಲಸ ಮುಗಿದ ಮೇಲೆ ಟೇಪು ತಂದು ಅಂಗಳ ಅಳೆದು, ದಾಸವಾಳ ಗಿಡದ ಬುಡ ನೀವು ತೊಳೆದಿಲ್ಲ, ಅಷ್ಟು ಚದರಡಿ ಕಳೆಯಿರಿ ಎಂದರು. ಇಂಥವರ ಬಾಗಿಲಲ್ಲಿ ನಿಂತು ನಿಂತು, ಹೊಸ ಮನೆಯ ಗೇಟು ತೆಗೆಯುವಾಗಲೇ ಇವರು ಯಾವ ನೆಪ ಹೇಳಬಹುದು ಎಂದು ಹುಡುಕುವ ಚಟ ಹತ್ತಿತ್ತು. ಊಟಕ್ಕೆ ಕೂತರೂ ಒಂದು ಕೈ ಫೋನಿನ ಮೇಲೆ.

ಅಕ್ಕೋರು ಅಂದರೆ ಮೂವತ್ತು ವರ್ಷಕ್ಕೂ ಮೇಲೆ ಕನ್ನಡ ಸಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಗಂಡ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದವರು, ಮಾತು ಕಡಿಮೆ. ಮಗಳು ಬಾಣಂತನಕ್ಕೆ ಬರುವವಳಿದ್ದಳು. ಅದಕ್ಕೇ ಮನೆ ಮಾಳಿಗೆ ಎಲ್ಲ ಒಮ್ಮೆ ಚೊಕ್ಕ ಆಗಲಿ ಎಂದು ನಮ್ಮನ್ನು ಕರೆಸಿದ್ದರು. ನಾಲ್ಕೂವರೆ ಸಾವಿರಕ್ಕೆ ಮಾತಾಯಿತು. ಸಾವಿರದೈನೂರು ಮೊದಲೇ ಕೊಟ್ಟರು, ಉಳಿದದ್ದು ಸೋಮವಾರ. ಮೊದಲ ದಿನ ಅಂಗಳ, ಕಂಪೌಂಡ್ ಮುಗಿಸಿದೆ. ಎರಡನೆಯ ದಿನ ಮಾಳಿಗೆ ಹತ್ತಿದಾಗ ಹುನಗುಂದದಿಂದ ಫೋನ್ ಬಂತು, ಇವತ್ತೇ ಬಂದರೆ ದೊಡ್ಡ ಮನೆಯೊಂದರ ಕೆಲಸ ಇದೆ ಎಂದು. ಸಂಜೆಯವರೆಗೆ ಹಿಡಿಯಬೇಕಾದ ಮಾಳಿಗೆಯನ್ನು ಮಧ್ಯಾಹ್ನ ಒಂದಕ್ಕೆ ಮುಗಿಸಿ ಪೈಪು ಸುತ್ತಿದೆ. ಅಕ್ಕೋರು ಮೇಲೆ ಬಂದು ನೋಡಿ, "ಫರಸಿ ಹೊಸಾವ ಹಾಕಿಧಂಗ ಕಾಣ್ತಾವಲ್ಲೋ ತಮ್ಮಾ" ಎಂದು ಕುಡಿಯಲು ಮಜ್ಜಿಗೆ ಕೊಟ್ಟರು.

ಸೋಮವಾರ ದುಡ್ಡು ಬರಲಿಲ್ಲ. ಅದಕ್ಕೆ ಎರಡು ದಿನ ಮುಂಚೆ ಬಾದಾಮಿ ಕಡೆ ಜೋರಾಗಿ ಒಂದು ಅಕಾಲದ ಅಡ್ಡಮಳೆ ಆಗಿತ್ತು. ಮಂಗಳವಾರ ನಾನೇ ಫೋನ್ ಮಾಡಿದೆ.

"ತಮ್ಮಾ, ನಾನೂ ನಿನಗ ಫೋನ್ ಮಾಡಾಕಿ ಇದ್ದೆ. ಮಾಳಿಗಿ ಸೋರ್ಲಿಕ್ಕತ್ತದ. ನೀ ತೊಳಿಯೋಕಿಂತ ಮೊದಲ ಒಂದ್ ಹನಿ ಸೋರಿದ್ದಿಲ್ಲ. ಬಂದು ನೋಡು, ಆಮ್ಯಾಲೆ ರೊಕ್ಕದ ಮಾತು."

ನನಗೆ ನಗು ಬಂತು. ಇಂಥ ನೆಪ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. "ಅಕ್ಕೋರ, ನೀರು ಹೊಡದ್ರ ಮಾಳಿಗಿ ಸೋರತೈತೇನ್ರಿ? ಮನಿ ಹಳೇದೈತಿ, ಮದ್ಲಿಂದ ಸೋರತಿರಬೇಕು. ನನ್ನ ಬಾಕಿ ಕಳಿಸಿಬಿಡ್ರಿ" ಎಂದೆ. ಅವರು ಮತ್ತೊಮ್ಮೆ "ಬಂದು ನೋಡು" ಎಂದಷ್ಟೇ ಹೇಳಿ ಫೋನ್ ಇಟ್ಟರು.

ಅಲ್ಲಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಬೇರೆ ಕೆಲಸದಲ್ಲಿದ್ದಾಗಲೂ ಮನಸ್ಸಿನಲ್ಲೇ ಅವರೊಂದಿಗೆ ವಾದ ಮಾಡುತ್ತಿದ್ದೆ. ಆ ವಾರದಲ್ಲೇ ಎರಡು ಸಲ ಬಾದಾಮಿಗೆ ಹೋದೆ. ಮೊದಲ ಸಲ ಬಾಗಿಲಿಗೆ ಬೀಗವಿತ್ತು, ಮಗಳನ್ನು ದವಾಖಾನೆಗೆ ತೋರಿಸಲು ಅವಳ ಊರಿಗೆ ಹೋಗಿದ್ದಾರೆ ಎಂದು ಪಕ್ಕದ ಮನೆಯವರು ಹೇಳಿದರು. ಎರಡನೆಯ ಸಲ ಅಕ್ಕೋರು ಗೇಟಿಗೆ ಬಂದು, "ಮೊದಲ ಮ್ಯಾಲೆ ಬಾ, ನೋಡು" ಎಂದರು.

"ನಾ ನೋಡಾಕ ಬಂದಿಲ್ರಿ. ರೊಕ್ಕ ಇಸ್ಕೊಳ್ಳಾಕ ಬಂದೇನಿ."

"ಹಂಗಾದ್ರ ಹೋಗು. ನೋಡಲಾರದವನಿಗೆ ನಾ ಏನಂತ ಕೊಡ್ಲಿ?"

ಬೀದಿಯಲ್ಲಿ ಹೋಗುತ್ತಿದ್ದ ಇಬ್ಬರು ನಿಂತು ನೋಡಿದರು. ಸಿಟ್ಟಿನಲ್ಲಿ ಬೈಕ್ ಹತ್ತಿದೆ. ಕೆರೂರಿಗೆ ಬಂದು ಬಾಗಲಕೋಟೆಯ ಕಡೆ ಹೊರಳಬೇಕಾದವನು ಯಾಕೋ ಬೈಕನ್ನು ಎಡಕ್ಕೆ ತಿರುಗಿಸಿ ಕುಳಗೇರಿ ಕ್ರಾಸಿನವರೆಗೆ ಹೋದೆ. ಅಲ್ಲಿ ನನಗೆ ಯಾವ ಕೆಲಸವೂ ಇರಲಿಲ್ಲ. ಚಹಾದಂಗಡಿಯ ಬೆಂಚಿನ ಮೇಲೆ ಕೂತು ಫೋನ್ ತೆಗೆದೆ. ಕೆಲಸ ಮುಗಿದ ದಿನ ತೆಗೆದಿದ್ದ ಆ ಮನೆಯ ಫೋಟೊ ಇತ್ತು. ಗೇಟು, ತುಳಸಿಕಟ್ಟೆ, ಮನೆ ನಂಬರು ಎಲ್ಲ ಕಾಣುತ್ತಿತ್ತು. ಅದರ ಕೆಳಗೆ "ಕೆಲಸ ಮಾಡಿಸಿಕೊಂಡು ದುಡ್ಡು ಕೊಡದ ಬಾದಾಮಿಯ ಮನೆ. ಹುಷಾರು" ಎಂದು ಬರೆದು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದೆ. ನನ್ನ ನಂಬರು ಮುನ್ನೂರು ನಾಲ್ಕುನೂರು ಮನೆಯವರ ಬಳಿ ಇತ್ತು. ಎರಡನೆಯ ಚಹಾ ಬರುವಷ್ಟರಲ್ಲಿ ಇಪ್ಪತ್ತು ಜನ ನೋಡಿದ್ದರು. ಒಂದು ಗಳಿಗೆ ಎದೆ ಹಗುರವಾಯಿತು. ಆಮೇಲೆ ದಾರಿಯುದ್ದಕ್ಕೂ ಗಾಡಿ ನಿಲ್ಲಿಸಿ ನಿಲ್ಲಿಸಿ ಯಾರು ನೋಡಿದರು ಎಂದು ತೆಗೆದು ನೋಡುತ್ತಲೇ ಬಂದೆ.

ಮರುದಿನ ಮಧ್ಯಾಹ್ನ ನಾನು ಮನೆಯ ಮುಂದೆ ಮಷಿನ್ನಿನ ಫಿಲ್ಟರ್ ಬಿಚ್ಚುತ್ತಿದ್ದೆ. ಅಕ್ಕೋರು ಬಂದರು. ಬಸ್ಸಿನಲ್ಲಿ ಬಂದು, ನವನಗರದ ಸೆಕ್ಟರುಗಳಲ್ಲಿ ದಾರಿ ಕೇಳುತ್ತ ಬಿಸಿಲಲ್ಲಿ ನಡೆದು ಬಂದಿದ್ದರು. ನನ್ನ ಕಡೆ ನೋಡದೆ ನನ್ನ ಹೆಂಡತಿಯ ಕೈಗೆ ಮೂರು ಸಾವಿರ ರೂಪಾಯಿ ಕೊಟ್ಟು, "ಎಣಿಸಿಕೊ ಅವ್ವಾ" ಎಂದರು.

ಹೆಂಡತಿಗೆ ಸ್ಟೇಟಸ್ಸಿನ ವಿಷಯ ಗೊತ್ತಿರಲಿಲ್ಲ. "ಕುಂದರ್ರಿ ಅಕ್ಕೋರ, ಇಷ್ಟು ಬಿಸಲಾಗ ಯಾಕ ಬರಾಕ ಹೋದ್ರಿ?" ಎಂದು ಕುರ್ಚಿ ತಂದಳು.

ಅಕ್ಕೋರು ಕೂರಲಿಲ್ಲ. ಚೀಲದಿಂದ ಫೋನ್ ತೆಗೆದು ತೋರಿಸಿದರು. ಅವರ ಹಳೆಯ ವಿದ್ಯಾರ್ಥಿಯೊಬ್ಬ ನನ್ನ ಸ್ಟೇಟಸ್ ನೋಡಿ, 'ಅಕ್ಕೋರೆ, ಇದು ನಿಮ್ಮ ಮನೆಯಲ್ಲವೇ?' ಎಂದು ಕೇಳಿ ಕಳಿಸಿದ್ದ. ಅಷ್ಟರಲ್ಲಿ ಅದು ಊರಿನ ಎರಡು ಗ್ರೂಪಿನಲ್ಲಿ ತಿರುಗಿ, ಮಗಳ ಅತ್ತೆಯ ಮನೆಗೂ ಮುಟ್ಟಿತ್ತು.

"ನನ್ನ ಬೀಗರು ಫೋನ್ ಮಾಡಿ, ರೊಕ್ಕದ್ದೇನರ ತ್ರಾಸ ಅದ ಏನ್ರಿ, ಬಾಣಂತನ ನಾವೇ ಮಾಡ್ತೀವಿ ಅಂದ್ರು" ಎಂದರು ಅಕ್ಕೋರು. ಅವರ ದನಿ ಏರಿರಲಿಲ್ಲ. "ನಿನ್ನ ಬಾಕಿ ಮುಟ್ಟಿತಲ್ಲಾ? ಈಗರ ಬಂದು ಮಾಳಿಗಿ ನೋಡ್ತೀ ಇಲ್ಲೋ?"

ನಾನು ಕೈಯಲ್ಲಿದ್ದ ಫಿಲ್ಟರನ್ನೇ ತಿರುವುತ್ತ ನಿಂತೆ. ನೀರು ಸಹ ಕುಡಿಯದೆ ಅವರು ಹೊರಟಾಗ ಹೆಂಡತಿ ಬಸ್ ನಿಲ್ದಾಣದವರೆಗೆ ಜೊತೆಗೆ ಹೋದಳು. ತಿರುಗಿ ಬಂದವಳು ದುಡ್ಡನ್ನು ಮಷಿನ್ನಿನ ಮೇಲಿಟ್ಟು, "ಮದ್ಲ ಅದನ್ನ ತಗೀರಿ. ಮುಂಜಾನೆ ಬಾದಾಮಿಗಿ ಹೋಗ್ರಿ. ಈ ರೊಕ್ಕ ನಾ ಒಳಗ ಒಯ್ಯಾಕಿ ಅಲ್ಲ" ಎಂದಳು. ಸ್ಟೇಟಸ್ ಅಳಿಸಿದೆ. ಗ್ರೂಪುಗಳಲ್ಲಿ ಸೇರಿದ್ದನ್ನು ಅಳಿಸುವ ದಾರಿ ನನಗೆ ಇರಲಿಲ್ಲ.

ಮರುದಿನ ಬಾದಾಮಿಗೆ ಹೋದಾಗ ಅಕ್ಕೋರು ನನ್ನನ್ನು ಮೊದಲು ಮಾಳಿಗೆಗಲ್ಲ, ಕೆಳಗಿನ ಕೋಣೆಗೆ ಕರೆದೊಯ್ದರು. ಬಾಣಂತಿಗೆಂದು ಸುಣ್ಣ ಬಳಿದು ಅಣಿ ಮಾಡಿದ್ದ ಕೋಣೆ. ಮಂಚದ ಮೇಲಿನ ಚಾವಣಿಯಲ್ಲಿ ಕಂದು ಬಣ್ಣದ ಕಲೆ ಹರಡಿತ್ತು. ಕೂಸಿಗೆ ಹಾಸಿ ಹೊದಿಸಲು ಅವರೇ ಹೊಲಿದ ಮೂರು ಕೌದಿಗಳು ಅದರ ಕೆಳಗೇ ಇದ್ದವಂತೆ. ತೊಳೆದು ಒಣಗಿಸಿದರೂ ಕೆಸರು ನೀರಿನ ಗುರುತು ಹೋಗಿರಲಿಲ್ಲ. ಅವರ ಗಂಡ ಎರಡು ಕೊಡ ನೀರು ಹೊತ್ತು ಮಾಳಿಗೆ ಹತ್ತಿದರು. ನಾನು ಹಿಂದೆ ಹೋದೆ. ಅವರು ಫರಸಿಯ ಮೇಲೆ ನೀರು ಸುರಿದರು. ನೀರು ಮೋರಿಯ ಕಡೆ ಹರಿಯಲಿಲ್ಲ, ಕಲ್ಲುಗಳ ಸಂದಿನಲ್ಲಿ ಇಳಿದು ಹೋಯಿತು.

ನಾನು ಕುಕ್ಕುರುಗಾಲಲ್ಲಿ ಕೂತು ಸಂದಿಗೆ ಬೆರಳು ಹಾಕಿದೆ. ಅರ್ಧ ಬೆರಳು ಒಳಗೆ ಹೋಯಿತು. ಆಗ ಎಲ್ಲ ನೆನಪಾಯಿತು. ಹುನಗುಂದಕ್ಕೆ ಹೋಗುವ ಅವಸರದಲ್ಲಿ, ಪೈಪಿನ ತುದಿಯಲ್ಲಿದ್ದ, ನೀರು ಅಗಲವಾಗಿ ಬೀಳುವ ನಾಜಲ್ ಬಿಚ್ಚಿ, ಸೂಜಿಯಂತೆ ಒಂದೇ ಕಡೆ ಹೊಡೆಯುವ ಕೆಂಪು ನಾಜಲ್ ಹಾಕಿದ್ದೆ. ಅದು ಕಬ್ಬಿಣದ ತುಕ್ಕು ಬಿಡಿಸಲು ಇರುವುದು. ಪಾಚಿಯ ಜೊತೆಗೆ ಸಂದಿನ ಹಳೆಯ ಗಾರೆಯನ್ನೂ ಕಿತ್ತು ತೊಳೆದುಬಿಟ್ಟಿದ್ದೆ. ಫರಸಿ ಹೊಸದರಂತೆ ಕಂಡಿದ್ದೂ ಅದಕ್ಕೇ. ಆ ದಿನ ಮೋರಿಯಲ್ಲಿ ಮರಳು ಮರಳಾಗಿ ಹರಿದದ್ದನ್ನು ನೋಡಿದ್ದೆ; ಮಣ್ಣು ಇರಬೇಕು ಎಂದುಕೊಂಡು ನೀರು ಬಿಟ್ಟು ಸಾಗಿಸಿದ್ದೆ.

"ತಪ್ಪು ನಂದ ಐತ್ರಿ" ಎಂದೆ. ಜೇಬಿನಿಂದ ಮೂರು ಸಾವಿರ ತೆಗೆದು ಚಾಚಿದೆ.

ಅಕ್ಕೋರು ತೆಗೆದುಕೊಳ್ಳಲಿಲ್ಲ. "ತೊಳದದ್ದಕ್ಕ ಕೊಟ್ಟದ್ದು, ಅದು ನಿಂದು. ಕೆಡಿಸಿದ್ದನ್ನ ನೀನ ಸುಧಾರಸು. ಮಗಳು ಬರ್ಲಿಕ್ಕೆ ಹನ್ನೆರಡು ದಿವಸ ಅದಾವ. ಇನ್ನ ಆ ಫೋಟೊದ ಮಾತು. ಹಾಕಿದಷ್ಟು ಮಂದಿಗೆ ಖರೆ ಏನದ ಅದನ್ನೂ ಬರದು ಹಾಕು."

ಕೆರೂರಿನಿಂದ ಗಾರೆ ಕೆಲಸದ ಗೌಂಡಿಯೊಬ್ಬನನ್ನು ಕರೆತಂದೆ. ಮೂರು ದಿನ ಅವನ ಜೊತೆ ಕೂತು ಪ್ರತಿ ಸಂದನ್ನೂ ಬ್ರಷ್ಷಿನಿಂದ ಕೆರೆದು, ಸಿಮೆಂಟಿಗೆ ವಾಟರ್‌ಪ್ರೂಫ್ ದ್ರಾವಣ ಬೆರೆಸಿ ತುಂಬಿದೆವು. ಅಕ್ಕೋರು ದಿನಕ್ಕೆ ಎರಡು ಸಲ ಮೇಲೆ ಬಂದು, ಪರೀಕ್ಷೆಯ ಪೇಪರು ತಿದ್ದುವವರ ಹಾಗೆ ಒಂದೊಂದು ಸಾಲೂ ನೋಡಿ, "ಇಲ್ಲಿ ಬಿಟ್ಟೀರಿ" ಎಂದು ಬೆರಳು ತೋರಿಸುತ್ತಿದ್ದರು. ಐದನೆಯ ದಿನ ಮೋರಿಗೆ ಬಟ್ಟೆ ತುರುಕಿ ಮಾಳಿಗೆಯ ತುಂಬ ನೀರು ನಿಲ್ಲಿಸಿದೆವು. ನಾನು ಕೆಳಗಿನ ಕೋಣೆಯಲ್ಲಿ ಚಾವಣಿ ನೋಡುತ್ತ, ಒಳಗೂ ಹೊರಗೂ ಓಡಾಡುತ್ತ ಅರ್ಧ ದಿನ ಕಳೆದೆ. ಒಂದು ಹನಿಯೂ ಇಳಿಯಲಿಲ್ಲ.

ಮಾಳಿಗೆ ಸರಿ ಮಾಡುವುದಕ್ಕಿಂತ ಸ್ಟೇಟಸ್ಸಿಗೆ ಆ ನಾಲ್ಕು ಸಾಲು ಬರೆಯುವುದು ಕಷ್ಟವಾಯಿತು. ಬರೆದು ಅಳಿಸಿ, ಅಳಿಸಿ ಬರೆದು, ಇಡೀ ದಿನ ಗಾಡಿ ಓಡಿಸುತ್ತ ಅದನ್ನೇ ಯೋಚಿಸಿದೆ. ಕೊನೆಗೆ ಹೆಂಡತಿಗೆ ಓದಿ ಹೇಳಿದೆ. "'ತಿಳಿಯದೆ ಆಯಿತು' ಅಂತ ಬರದೀರಲ್ಲ, ಅದನ್ನ ತಗೀರಿ. ಕರದ್ರೂ ನೋಡಾಕ ಹೋಗಲಿಲ್ಲ ನೀವು" ಎಂದಳು. ತೆಗೆದೆ. ಬಾದಾಮಿಯ ಆ ಮನೆಯವರ ತಪ್ಪು ಏನೂ ಇಲ್ಲ, ನನ್ನ ಕೆಲಸದಿಂದ ಮಾಳಿಗೆ ಸೋರಿತು, ಅವರು ಕರೆದರೂ ನಾನು ನೋಡಲಿಲ್ಲ, ಕ್ಷಮಿಸಬೇಕು ಎಂದು ಹಾಕಿದೆ. ಅಕ್ಕೋರು ಅದನ್ನು ತಾವೇ ಬೀಗರಿಗೆ ಕಳಿಸಿದರು. ಮಗಳು ಬಂದಳು, ಆ ಕೋಣೆಯಲ್ಲೇ ಬಾಣಂತನ ಆಯಿತು.

ನನಗೆ ಅದರಿಂದ ಒಳ್ಳೆಯದೇ ಆಯಿತು ಎಂದು ಹೇಳಲಾರೆ. ಮೊದಲೇ ಮಾತಾಡಿಟ್ಟ ಮೂರು ಮನೆಯವರು ಬೇಡವೆಂದರು. ಇಳಕಲ್ಲಿನ ಒಬ್ಬರು ತಮ್ಮ ಮನೆಯ ಹಳೆಯ ಬಿರುಕು ತೋರಿಸಿ, "ನೀವ ಸ್ಟೇಟಸ್ ಹಾಕಿದ್ರಲ್ರಿ, ನಿಮ್ಮ ಮಷಿನ್‌ಗೆ ಮಾಳಿಗಿ ಒಡೀತೈತಿ ಅಂತ" ಎಂದು ಸಾವಿರ ರೂಪಾಯಿ ಕಡಿಮೆ ಕೊಟ್ಟರು. ಬಾಯಿ ತೆರೆದವನು ತಡೆದುಕೊಂಡು, ಮೊದಲು ಏಣಿ ಹಾಕಿ ಹತ್ತಿ ನೋಡಿದೆ. ಬಿರುಕಿನೊಳಗೆ ಜೇಡರ ಬಲೆ ಒಣಗಿ ಕೂತಿತ್ತು. ಬಿರುಕು ಹಳೆಯದು ಎಂದು ಅದನ್ನು ತೋರಿಸಿದೆ. ಅವರು ನಕ್ಕು ಐನೂರು ಕೊಟ್ಟರು. ಇನ್ನೈನೂರು ಇವತ್ತಿಗೂ ಬಂದಿಲ್ಲ. ಈಗ ಕೆಲಸ ಶುರು ಮಾಡುವ ಮೊದಲು ಮನೆಯವರನ್ನು ಜೊತೆಗೆ ಕರೆದುಕೊಂಡು ಪ್ರತಿ ಬಿರುಕು, ಪ್ರತಿ ಸಂದಿನ ಫೋಟೊ ತೆಗೆಯುತ್ತೇನೆ. ಆದರೂ ಮಳೆಯ ಮೋಡ ಕಂಡರೆ ಆ ವಾರ ತೊಳೆದ ಮಾಳಿಗೆಗಳೆಲ್ಲ ಒಂದೊಂದಾಗಿ ಕಣ್ಣ ಮುಂದೆ ಬರುತ್ತವೆ. ಫೋನ್ ಬಂದರೆ ಯಾವ ಮನೆಯದು ಎಂದು ಮೊದಲು ಹೆಂಡತಿಯನ್ನು ಕೇಳುತ್ತೇನೆ.

ಈ ವರ್ಷ ಉಗಾದಿ ಕಳೆದ ಮೇಲೆ ಅಕ್ಕೋರು ಫೋನ್ ಮಾಡಿದರು. ಹೆಂಡತಿ ದರ ಹೇಳಲು ಹೋದರೆ, "ಅದು ಗೊತ್ತದ, ಅವನ ಕೈಯಾಗ ಕೊಡು" ಎಂದರಂತೆ.

"ತಮ್ಮಾ, ಅಂಗಳಾ ಮಾಳಿಗಿ ಎರಡೂ ತೊಳೀಬೇಕು. ಅರ್ಧಾ ರೊಕ್ಕ ಮೊದಲ ಕೊಡ್ತೀನಿ. ಉಳದರ್ಧಾ ಒಂದ್ ಮಳಿ ಆದ ಮ್ಯಾಲೆ. ಒಪ್ಪಿಗಿ ಅದ ಏನು?"

"ಒಪ್ಪಿಗಿ ಐತ್ರಿ ಅಕ್ಕೋರ" ಎಂದೆ. ಬಾದಾಮಿಗೆ ಹೋಗಿ ಇಡೀ ದಿನ ಮಾಳಿಗೆಯ ಮೇಲೆ ನಿಧಾನವಾಗಿ ನೀರು ಹೊಡೆದೆ. ಕೆಳಗಿನಿಂದ ಕೂಸು ಅಳುವುದು, ಅದನ್ನು ರಮಿಸುವುದು ಕೇಳುತ್ತಿತ್ತು. ಕೆಲಸ ಮುಗಿದು ಇವತ್ತಿಗೆ ಒಂಬತ್ತು ದಿನ. ಬಾದಾಮಿಯಲ್ಲಿ ಇನ್ನೂ ಮಳೆಯಾಗಿಲ್ಲ.