ಮುರ್ತುಜಾನ ಹತ್ತು ನಿಮಿಷ

ಮೊದಲೇ ಹೇಳಿಬಿಡುತ್ತೇನೆ, ನಾನು ಮುಂಗೋಪಿ. ಮೂವತ್ತು ವರ್ಷ ಗಣಿತ ಕಲಿಸಿದವನಲ್ಲಿ ತಾಳ್ಮೆ ಉಳಿದಿರಬೇಕೆಂದು ಯಾರೂ ಬಯಸಬಾರದು. ಆದರೆ ಈಗ ಬರೆಯಲು ಕೂತದ್ದು ನನ್ನ ಬಗ್ಗೆ ಅಲ್ಲ, ನಮ್ಮ ಹೈಸ್ಕೂಲಿನ ಜವಾನ ಮುರ್ತುಜಾನ ಬಗ್ಗೆ. ಬರೆಯುತ್ತ ಹೋದರೆ ನಾನೂ ನಡುವೆ ಬರುತ್ತೇನೆ. ಬರಲೇಬೇಕು.

ಇಜೇರಿಯಿಂದ ಯಡ್ರಾಮಿ ಕಡೆಗೆ ಹೋಗುವ ಹಾದಿಯಲ್ಲಿ, ಎರೆಹೊಲಗಳ ನಡುವೆ ನಮ್ಮ ಶಾಲೆ. ಶಾಲೆ ಶುರುವಾದ ವರ್ಷವೇ ಮುರ್ತುಜಾ ದಿನಗೂಲಿಯ ಮೇಲೆ ಬಂದು ಸೇರಿದ. ಬೀಗ ತೆಗೆಯುವುದು, ಕಸ ಹೊಡೆಯುವುದು, ನೀರು ತುಂಬುವುದು, ಗಂಟೆ ಬಾರಿಸುವುದು ಎಲ್ಲ ಅವನದೇ. ಓದಿದ್ದು ನಾಲ್ಕನೆಯ ತರಗತಿ. ಆದರೆ ಇನ್ನೂರು ಮಕ್ಕಳಲ್ಲಿ ಯಾರು ಯಾವ ಹಳ್ಳಿಯಿಂದ ನಡೆದು ಬರುತ್ತಾರೆ, ಯಾರು ಇವತ್ತು ರೊಟ್ಟಿ ತಂದಿಲ್ಲ ಎಂಬುದೆಲ್ಲ ನಮಗಿಂತ ಅವನಿಗೇ ಚೆನ್ನಾಗಿ ಗೊತ್ತಿತ್ತು. ರೊಟ್ಟಿ ತರದ ಮಗುವನ್ನು ಕರೆದು ತನ್ನ ಗಂಟು ಬಿಚ್ಚಿ, "ಪ್ಯಾರಿಬಿ ಜಾಸ್ತಿ ಕಟ್ಯಾಳ, ನನಗ ಮುಗಿಯಂಗಿಲ್ಲ" ಅನ್ನುತ್ತಿದ್ದ. ಪ್ಯಾರಿಬಿ ಅವನ ಹೆಂಡತಿ. ಆಕೆ ಕಟ್ಟುತ್ತಿದ್ದದ್ದು ಮೂರೇ ರೊಟ್ಟಿ.

ಹೆಡ್‌ಮಾಸ್ತರ ಕಲ್ಯಾಣಪ್ಪನವರು ಶಾಲೆಗೆ ಒಂದು ರೂಢಿ ಹಾಕಿದ್ದರು. ಶನಿವಾರ ಪ್ರಾರ್ಥನೆ ಮುಗಿದ ಮೇಲೆ, "ಯಾರದರ ಏನರ ಹೇಳೂದು ಅದ ಏನು?" ಎಂದು ಕೇಳುವರು. ಆ ವಾರ ತಪ್ಪು ಮಾಡಿದವರು ಮುಂದೆ ಬಂದು ತಾವೇ ಹೇಳಬೇಕು. ಹೇಳಿದವರಿಗೆ ಶಿಕ್ಷೆ ಇಲ್ಲ, ಆದರೆ ಕೆಡಿಸಿದ್ದನ್ನು ಸರಿಮಾಡಿಕೊಡಬೇಕು. ಪಕ್ಕದ ಹೊಲದ ಶೇಂಗಾ ಕಿತ್ತು ತಿಂದವರು ಆ ಹೊಲದಲ್ಲೇ ಒಂದು ದಿನ ಕಳೆ ತೆಗೆದುಕೊಟ್ಟದ್ದುಂಟು. ಮಕ್ಕಳು ಹೇಳುತ್ತಿದ್ದರು, ನಾವು ಮಾಸ್ತರರು ಹಿಂದೆ ಕೈಕಟ್ಟಿ ನಿಂತು ತಲೆದೂಗುತ್ತಿದ್ದೆವು. ಏಳು ವರ್ಷದಲ್ಲಿ ನಮ್ಮಲ್ಲೊಬ್ಬರಿಂದಲೂ ಒಂದು ತಪ್ಪೂ ಆಗಿರಲಿಲ್ಲ, ನೋಡಿ!

೧೯೮೩ರ ಅರ್ಧವಾರ್ಷಿಕ ಪರೀಕ್ಷೆ. ಶುಕ್ರವಾರ ಒಂಬತ್ತನೆಯ ತರಗತಿಗೆ ಗಣಿತ, ಮುಗಿಯುವುದು ಒಂದು ಗಂಟೆಗೆ. ನೀರಿನ ಕೊಡ ಹೊತ್ತು ಬಿಸಿಲಿನಿಂದ ಬಂದ ಮುರ್ತುಜಾ ಆಫೀಸಿನ ಗಡಿಯಾರವನ್ನು ಕಿಟಕಿಯ ಹೊರಗಿನಿಂದಲೇ ನೋಡಿ ಗಂಟೆ ಹೊಡೆದುಬಿಟ್ಟ. ಪರೀಕ್ಷೆಯ ಕೋಣೆಯಲ್ಲಿದ್ದವನು ನಾನು. ನನ್ನ ಕೈಗಡಿಯಾರದಲ್ಲಿ ಇನ್ನೂ ಹತ್ತು ನಿಮಿಷ ಬಾಕಿ ಇತ್ತು. ನೋಡಿದೆ. ಹೊಟ್ಟೆ ಹಸಿದಿತ್ತು. ಗಂಟೆ ಆಯಿತಲ್ಲ, ನನಗೇನು ಎಂದು ಪೇಪರು ಕಿತ್ತುಕೊಂಡೆ.

ಮಧ್ಯಾಹ್ನ ಮುರ್ತುಜಾ ನನ್ನ ಹತ್ತಿರ ಬಂದ. ಮುಖ ಬಾಡಿತ್ತು.

"ಸರ, ಹತ್ತು ಮಿನಿಟ್ ಮೊದಲ ಗಂಟಿ ಹೊಡದೀನ್ರಿ. ಒಳಗ ಬಂದು ನೋಡಿದಾಗ ಗೊತ್ತಾತು."

"ಯಾರರ ಕೇಳ್ಯಾರೇನಲೇ ನಿನ್ನ? ಸೋಮವಾರ ಸಾಲಿ ಕಮಿಟಿಯವರು ನಿನ್ನ ಕಾಯಂ ಮಾಡಾಕತ್ತಾರ. ಬಾಯಿ ಮುಚ್ಕೊಂಡು ಸುಮ್ನಿರು."

ಎಂಟು ವರ್ಷ ದಿನಗೂಲಿಯಾಗಿ ದುಡಿದವನಿಗೆ ಕಾಯಂ ಆಗುವುದೊಂದೇ ಆಸೆ. ನನ್ನ ಮಾತಿನಲ್ಲಿ ಅರ್ಧ ಅವನ ಮೇಲಿನ ಕನಿಕರ, ಇನ್ನರ್ಧ ನನ್ನ ಸ್ವಂತ ಹೆದರಿಕೆ.

ಮರುದಿನ ಶನಿವಾರ. ಹೆಡ್‌ಮಾಸ್ತರರು ಎಂದಿನಂತೆ ಕೇಳಿದರು. ಹಿಂದಿನಿಂದ ಮುರ್ತುಜಾ ನಡೆದು ಬಂದು ಮಕ್ಕಳ ಎದುರು ನಿಂತ.

"ನಿನ್ನಿ ಗಂಟಿ ನಾ ಮೊದಲ ಹೊಡದೆ. ಒಂಬತ್ತನೇದವ್ರದು ಹತ್ತು ಮಿನಿಟ್ ಹೋತು. ತಪ್ಪು ನಂದದ."

"ಅಲ್ಲೆ ಒಳಗ ಇದ್ದವರ ಕೈಯಾಗ ಗಡಿಯಾರ ಇರಲಿಲ್ಲೇನು?" ಎಂದರು ಕಲ್ಯಾಣಪ್ಪನವರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ನನ್ನ ಕೈ ತಾನಾಗಿ ಅಂಗಿಯ ತೋಳನ್ನು ಗಡಿಯಾರದ ಮೇಲೆ ಎಳೆಯಿತು.

"ಗಂಟಿ ಹೊಡದಾಂವ ನಾ ರಿ," ಎಂದ ಮುರ್ತುಜಾ.

ಕೆಡಿಸಿದ್ದನ್ನು ಸರಿಮಾಡಬೇಕಲ್ಲ. ಪೇಪರುಗಳನ್ನು ತಿರುಗಿ ಹಂಚಿ ಮಕ್ಕಳ ಹತ್ತು ನಿಮಿಷ ಅವರಿಗೆ ಕೊಡಿ ಎಂದು ಹೆಡ್‌ಮಾಸ್ತರರು ನನಗೇ ಹೇಳಿದರು. ನನಗೆ ರೇಗಿತು. "ಮನ್ಯಾಗ ಪುಸ್ತಕ ತಿರುವಿ ಹಾಕಿ ಬಂದಿರ್ತಾವ್ರಿ ಇವು. ಇದೂ ಒಂದು ಪರೀಕ್ಷಾ ಏನ್ರಿ?"

"ನಿನ್ನಿ ಎಷ್ಟು ಬರ್ತಿತ್ತು ಅಷ್ಟ ಬರೀರಿ ಅಂತ ಹೇಳ್ರಿ," ಎಂದರು. ಹೇಳಿದೆ. ನಂಬಿಕೆಯೇನೂ ಇರಲಿಲ್ಲ.

ಬಹಳ ಮಂದಿ ಬರೆದರು. ಕೊನೆಯ ಸಾಲಿನ ರೇವಮ್ಮ ಮಾತ್ರ ಪೆನ್ನಿನ ಮುಚ್ಚಳವನ್ನೇ ತೆಗೆಯಲಿಲ್ಲ. ಅವಳ ಪೇಪರಿನಲ್ಲಿ ಪ್ರಮೇಯವೊಂದು ಅರ್ಧಕ್ಕೆ ನಿಂತಿತ್ತು.

"ಯಾಕ ಬೇ, ಬರಂಗಿಲ್ಲೇನು?"

"ಈಗ ಬರ್ತದ್ರಿ ಸರ. ಮನಿಗೆ ಹೋಗಿ ನೋಡೀನ್ರಿ. ನಿನ್ನಿ ಬರ್ತಿದ್ದಿಲ್ಲ."

ಹದಿನಾಲ್ಕು ವರ್ಷದ ಹುಡುಗಿ. ನನಗೆ ನಾಚಿಕೆಯಾಯಿತು. ಆದರೆ ಆ ನಾಚಿಕೆ ಸೋಮವಾರದ ತನಕ ಬಾಳಲಿಲ್ಲ.

ಸೋಮವಾರ ಕಮಿಟಿ ಸೇರಿತು. ಶನಿವಾರದ ಸುದ್ದಿ ಅಲ್ಲಿಗೆ ಆಗಲೇ ಮುಟ್ಟಿತ್ತು. ಅಧ್ಯಕ್ಷ ದೌಲತರಾಯರು ನನ್ನನ್ನು ಕರೆಸಿದರು. "ಜಗದೇವಪ್ಪ ಮಾಸ್ತರ, ಜವಾನ ಬೇಜವಾಬ್ದಾರಿ ಅದಾನ ಅಂತಾರ. ಅವತ್ತ ಅಲ್ಲೆ ಇದ್ದವರು ನೀವು. ಏನಂತೀರಿ?"

ಒಂದು ಮಾತು ಸಾಕಿತ್ತು. "ಗಂಟಿ ಆತು, ಪೇಪರ್ ತಗೊಂಡೆ ರಿ," ಎಂದೆ. ಕಲ್ಯಾಣಪ್ಪನವರು ಮುರ್ತುಜಾನ ಪರವಾಗಿ ವಾದಿಸಿ ಸೋತರು. ಇನ್ನೆರಡು ವರ್ಷ ನೋಡೋಣ ಎಂದು ಕಮಿಟಿ ಎದ್ದಿತು.

ಆ ವಾರವೆಲ್ಲ ಮಕ್ಕಳ ಮೇಲೆ ಕಾರಣವಿಲ್ಲದೆ ಕೂಗಾಡಿದೆ. ಮನೆಯಲ್ಲಿ ಅನ್ನ ರುಚಿಸಲಿಲ್ಲ. ಮುಂದಿನ ಶನಿವಾರ ಹೆಡ್‌ಮಾಸ್ತರರು ಕೇಳಿದಾಗ ನಾನು ಮುಂದೆ ಬಂದು ಮಕ್ಕಳ ಎದುರು ನಿಂತೆ. ಕೈಯಲ್ಲಿ ಗಡಿಯಾರ ಇತ್ತು, ನೋಡಿಯೂ ಸುಮ್ಮನಿದ್ದೆ, ಮುರ್ತುಜಾನಿಗೂ ಸುಮ್ಮನಿರಲು ಹೇಳಿದೆ, ಕಮಿಟಿಯ ಮುಂದೆಯೂ ಬಾಯಿ ಬಿಡಲಿಲ್ಲ ಎಂದು ಎಲ್ಲ ಹೇಳಿದೆ. ಒಂದು ಮಗುವೂ ನಗಲಿಲ್ಲ. ಅವತ್ತೇ ಕಮಿಟಿಗೆ ಕಾಗದವನ್ನೂ ಬರೆದೆ. ಆದ ತೀರ್ಮಾನ ಆಯಿತು ಎಂದು ಉತ್ತರ ಬಂತು.

ಎರಡು ವರ್ಷ ಕಾದು ಮುರ್ತುಜಾ ಕಾಯಂ ಆದ, ತೊಂಬತ್ತಾರರಲ್ಲಿ ನಿವೃತ್ತನೂ ಆದ. ಬೀಳ್ಕೊಡುವ ದಿನ ಎಲ್ಲರೂ ಅವನನ್ನು ಹೊಗಳಿದರು, ನಾನೂ ಹೊಗಳಿದೆ. ಆದರೆ ನನ್ನನ್ನು ಈಗಲೂ ಬಿಡದಿರುವುದು ನಾನು ತಪ್ಪು ಒಪ್ಪಿಕೊಂಡ ಆ ಶನಿವಾರ ಪ್ರಾರ್ಥನೆ ಮುಗಿದ ಮೇಲೆ ಬಾವಿಯ ಹತ್ತಿರ ಅವನಾಡಿದ ಮಾತು.

"ತಪ್ಪಾತು ಮುರ್ತುಜಾ," ಎಂದೆ.

ಅವನು ಹಗ್ಗ ಬಿಟ್ಟು ನನ್ನ ಕಡೆ ತಿರುಗಿದ. ಮುಖದಲ್ಲಿ ಸಿಟ್ಟು ಇರಲಿಲ್ಲ.

"ಹೇಳಿದ್ದು ಚಲೋ ಆತ್ರಿ ಸರ. ನಿಮ್ಮ ಮನಸ ಹಗುರಾತು." ಕೊಡ ಎತ್ತಿ ಹೆಗಲಿಗಿಟ್ಟುಕೊಂಡ. "ಸೋಮವಾರ ಹೇಳಿದ್ರ ನಂದೂ ಹಗುರಾಗ್ತಿತ್ರಿ."