ಬ್ಯಾಟರಿ ಸುರಯ್ಯಾ ಹೊತ್ತ ಅಪವಾದ

ಆ ಬ್ಯಾಟರಿ ಸಿಡಿದದ್ದು ಸುರಯ್ಯಾಳ ತಪ್ಪಿನಿಂದ ಅಂತ ಗರುಡಾಚಾರ್‌ಪಾಳ್ಯದಲ್ಲಿ ಇವತ್ತಿಗೂ ಹೇಳುವವರಿದ್ದಾರೆ. ನನ್ನೆದುರು ಹೇಳಿದರೆ ಸ್ಪ್ಯಾನರ್ ಎತ್ತಿಕೊಳ್ಳುತ್ತೇನೆ ಅಂತ ಗೊತ್ತಾಗಿ ಈಗ ಬೆನ್ನ ಹಿಂದೆ ಹೇಳುತ್ತಾರೆ. ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಗಾಡಿಗಳ ವೈರಿಂಗ್ ನನ್ನ ಕೆಲಸ, ಬರೆಯುವುದಲ್ಲ. ಆದರೆ ಆ ದಿನ ಆ ಅಂಗಳದಲ್ಲಿ ನಿಂತು ಎಲ್ಲವನ್ನೂ ನೋಡಿದವನು ನಾನು. ಬೇರೆ ಯಾರಾದರೂ ಬರೆಯಲಿ ಅಂತ ಕಾಯುತ್ತಾ ಕೂತರೆ ಆಗುವುದಿಲ್ಲ.

ಸುರಯ್ಯಾ ಶಿವಾಜಿನಗರದವಳು. ಅವಳ ಗಂಡ ನಮ್ಮ ಮೇನ್ ರೋಡಿನಲ್ಲಿ ಬ್ಯಾಟರಿ ಚಾರ್ಜಿಂಗ್ ಅಂಗಡಿ ಇಟ್ಟಿದ್ದ. ಅಂಗಡಿ ಅಂದರೆ ತಗಡಿನ ಶೆಡ್ಡು, ನನ್ನ ಗ್ಯಾರೇಜಿನ ಗೋಡೆಗೆ ಅಂಟಿಕೊಂಡದ್ದು. ಎರಡಕ್ಕೂ ಮಾಲೀಕರು ಮುನಿಆಂಜನಪ್ಪ; ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಬಾಡಿಗೆ ಮನೆ, ಶೆಡ್ಡು ಕಟ್ಟಿಸಿಕೊಂಡ ಹಳೇ ಊರಿನ ದೊಡ್ಡ ಮನುಷ್ಯ. ಗಂಡ ಕಾಯಿಲೆಯಲ್ಲಿ ಸತ್ತ ಮೇಲೆ ಇವಳು ಶೆಡ್ಡು ಖಾಲಿ ಮಾಡುತ್ತಾಳೆ ಅಂದುಕೊಂಡಿದ್ದೆವು. ಗಂಡ ಸತ್ತವಳು ಮನೆಯೊಳಗೇ ಕಳೆಯಬೇಕಾದ ಇದ್ದತ್ ಮುಗಿದ ಮಾರನೇ ದಿನ ಶಿವಾಜಿನಗರದ ಬಸ್ಸಿಳಿದು ಬಂದು, ಗಂಡನ ರಬ್ಬರ್ ಏಪ್ರನ್ ಕಟ್ಟಿಕೊಂಡು ಶಟರ್ ಎತ್ತಿದಳು.

"ಆಸಿಡ್ ಕೆಲಸ ಕಣಮ್ಮಾ, ನಿನ್ ಕೈಲಾಗುತ್ತಾ?" ಅಂದೆ.

"ನಿಮ್ ಬಾಯಿಗಿಂತ ಆಸಿಡ್ಡೇ ತಂಪು ಅಣ್ಣಾ" ಅಂದಳು.

ಕೆಲಸ ಅವಳನ್ನು ತಿಂದಿತು, ಸುಳ್ಳು ಹೇಳುವುದಿಲ್ಲ. ದುಪಟ್ಟಾ ಎಲ್ಲಾ ತೂತು, ಬೆರಳ ಸಂದುಗಳಲ್ಲಿ ಸುಟ್ಟ ಕಲೆ, ಕೆಮ್ಮು. ಆದರೆ ಸತ್ತ ಬ್ಯಾಟರಿ ಬಂದರೆ ನೋಡದೆಯೇ 'ಹೊಸದು ಹಾಕಿಸಿ' ಅನ್ನುವವಳಲ್ಲ. ಟರ್ಮಿನಲ್ ಮೇಲೆ ಹತ್ತಿಕೊಂಡ ಹಸಿರು ಪುಡಿಯನ್ನು ಸೋಡಾ ಹಾಕಿದ ಬಿಸಿನೀರಲ್ಲಿ ತೊಳೆದು, ಉಜ್ಜಿ, ಚಾರ್ಜಿಗೆ ಹಾಕಿ, ಆಮೇಲೆ ಮಾತು. ಟೆಂಪೋದವರು, ಕಂಪನಿ ಕ್ಯಾಬ್ ಓಡಿಸುವವರು ಅವಳನ್ನೇ ಹುಡುಕಿಕೊಂಡು ಬರುತ್ತಿದ್ದರು. ಮಗಳು ಅಲಿಯಾ ನರ್ಸಿಂಗ್ ಓದುತ್ತಿದ್ದದ್ದು ಆ ಶೆಡ್ಡಿನ ದುಡಿಮೆಯಲ್ಲೇ.

ಆ ವರ್ಷ ಆಯುಧಪೂಜೆಯ ಬೆಳಿಗ್ಗೆ ಮುನಿಆಂಜನಪ್ಪನವರ ಕಾರು ಸ್ಟಾರ್ಟ್ ಆಗಲಿಲ್ಲ. ತಿಂಗಳುಗಟ್ಟಲೆ ನಿಂತಿದ್ದ ಗಾಡಿ. ಚಕ್ರವನ್ನು ನಿಂಬೆಹಣ್ಣಿನ ಮೇಲೆ ಹತ್ತಿಸದಿದ್ದರೆ ಪೂಜೆ ಹೇಗೆ ಮುಗಿಯುತ್ತದೆ? ನನ್ನನ್ನೂ ಸುರಯ್ಯಾಳನ್ನೂ ಮನೆ ಅಂಗಳಕ್ಕೆ ಕರೆಸಿದರು. ಬಾನೆಟ್ ಎತ್ತಿದರೆ ಬ್ಯಾಟರಿ ಮೇಲೆ ಬೂಷ್ಟು ಹಿಡಿದ ಹಾಗೆ ಪುಡಿ. ಒಂದು ಕ್ಲಾಂಪ್ ಕಚ್ಚಿಕೊಂಡುಬಿಟ್ಟಿತ್ತು, ನಾನು ಎಷ್ಟು ತಿರುಗಿಸಿದರೂ ಬರಲಿಲ್ಲ. ಬ್ಯಾಟರಿ ಹೊರಗೆ ತೆಗೆಯಲಾಗದೆ, ಸುರಯ್ಯಾ ತೊಳೆಯುವಷ್ಟು ತೊಳೆದು ಅಲ್ಲೇ ಚಾರ್ಜರ್ ಹಾಕಿದಳು. ಸ್ವಲ್ಪ ಹೊತ್ತಿಗೆ ನೀರು ಕುದಿದ ಹಾಗೆ ಗುಳ್ಳೆ ಏಳತೊಡಗಿತು.

"ಯಜಮಾನ್ರೇ, ಗ್ಯಾಸ್ ಬರ್ತಾ ಇದೆ. ನಾನು ಹೇಳೋ ತನಕ ಬೆಂಕಿ ಹತ್ರ ತರ್ಬೇಡಿ" ಅಂದಳು. ಮುನಿಆಂಜನಪ್ಪ ತಲೆಯಾಡಿಸಿದರು. ಅವರು ಕೇಳಿಸಿಕೊಂಡರು. ನಾನು ನೋಡಿದ್ದೇನೆ.

ಸುರಯ್ಯಾ ಕೈ ತೊಳೆಯಲು ನಲ್ಲಿ ಕಡೆ ಹೋದಳು. ಯಜಮಾನರ ಹೆಂಡತಿ ಅಣ್ಣಮ್ಮ ಒಳಗಿಂದ ಕೂಗಿದರು. "ರಾಹುಕಾಲ ಬಂದ್ಬಿಡುತ್ತೆ ಕಣ್ರೀ! ಗಾಡಿ ಆಮೇಲೆ ಓಡಿಸ್ಕೊಳ್ಳಿ, ಆರತಿ ಮಾಡ್ಬಿಡೋಣ."

"ಸರಿ, ಬೇಗ ಮಾಡಿ" ಅಂದರು ಯಜಮಾನರು.

ಸೊಸೆ ನಿಖಿತಾ ಆರತಿ ತಟ್ಟೆ ಹಿಡಿದುಕೊಂಡು ಬಂದಳು, ತುಂಬು ಬಸುರಿ. ಕರ್ಪೂರ ಧಗಧಗ ಅನ್ನುತ್ತಿತ್ತು. ಕಾರಿನ ಆ ಬದಿಯಲ್ಲಿ ವೈರು ಹಿಡಿದು ಬಗ್ಗಿದ್ದ ನಾನು ತಲೆ ಎತ್ತುವಷ್ಟರಲ್ಲಿ ತಟ್ಟೆ ಬಾನೆಟ್ಟಿನ ಕೆಳಗೆ ಬಂದಿತ್ತು. "ನಕ್ಕೋ! ನಕ್ಕೋ! ಬೇಡಾ!" ಅಂತ ಕಿರುಚುತ್ತಾ ಸುರಯ್ಯಾ ಓಡಿ ಬಂದು ಆ ಹುಡುಗಿಯನ್ನು ಪಕ್ಕಕ್ಕೆ ತಳ್ಳಿದಳು. ಹುಡುಗಿ ನಿಂತಿದ್ದ ಜಾಗದಲ್ಲಿ ಈಗ ಇವಳ ಮುಖವಿತ್ತು. ಪಟಾಕಿ ಹೊಡೆದ ಹಾಗೆ ಒಂದೇ ಸದ್ದು. ಆಸಿಡ್ ಎರಚಿದ ಅವಳ ಮುಖಕ್ಕೆ ನಾನು ಬಕೆಟ್ಟುಗಟ್ಟಲೆ ನೀರು ಸುರಿದೆ. ಎಡಗಣ್ಣು ಉಳಿಯಲಿಲ್ಲ.

ಆಸ್ಪತ್ರೆಗೆ ಯಜಮಾನರು ಬಂದರು. ಖರ್ಚೆಲ್ಲ ಅವರೇ ಕೊಟ್ಟರು, ಇಲ್ಲ ಅನ್ನುವುದಿಲ್ಲ. ಆದರೆ ಅಷ್ಟರಲ್ಲಿ ಅವರ ಮಗ ವಸಂತ್ ಊರಿಗೆಲ್ಲ ಒಂದು ಕಥೆ ಹೇಳಿಯಾಗಿತ್ತು: ಸುರಯ್ಯಾ ಗಾಬರಿಯಲ್ಲಿ ಚಾರ್ಜರ್ ವೈರು ಕಿತ್ತಳು, ಕಿಡಿ ಹಾರಿತು, ಸಾಲದ್ದಕ್ಕೆ ಬಸುರಿಯನ್ನು ತಳ್ಳಿದಳು ಅಂತ. ನಾನು ಆಸ್ಪತ್ರೆಯ ವರಾಂಡದಲ್ಲೇ ಯಜಮಾನರನ್ನು ಅಡ್ಡಗಟ್ಟಿದೆ.

ಅವರು ದನಿ ತಗ್ಗಿಸಿದರು. "ಬಸುರಿ ಎತ್ತಿದ ಆರತಿಯಿಂದ ಹಿಂಗಾಯ್ತು ಅಂತ ಊರಿಗೆ ಗೊತ್ತಾದ್ರೆ, ಹುಟ್ಟೋ ಮಗೂನ ಅಪಶಕುನ ಅಂತಾರಪ್ಪಾ. ಹೆರಿಗೆ ಆಗ್ಲಿ. ಆಮೇಲೆ ಅವಳ ಅಂಗಡಿ ಮುಂದೇನೇ ನಿಂತು, ತಪ್ಪು ನಮ್ದು ಅಂತ ನಾನೇ ಹೇಳ್ತೀನಿ."

ಒಳಗೆ ಹೋಗಿ ಅವಳ ಮಂಚದ ಪಕ್ಕ ನಿಂತು ಅದೇ ಮಾತು ಕೊಟ್ಟರು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡಿದ್ದ ಅವಳು "ನಿಮ್ ಬಾಯಿಂದ ಬಂದ್ರೆ ಸಾಕು ಯಜಮಾನ್ರೇ" ಅಂದಳು.

ಹೆರಿಗೆ ಆಯಿತು, ಗಂಡು ಮಗು. ನಾಮಕರಣ ಮುಗಿಯಲಿ ಅಂದರು. ಮುಗಿಯಿತು. ಮಗುವಿಗೆ ಬಾಲಗ್ರಹ ಆಗಿದೆ, ಈಗ ಬೇಡ ಅಂದರು. ಮುಡಿ ಕೊಡಲಿ ಅಂದರು.

ಇತ್ತ ಸುರಯ್ಯಾ ಒಂಟಿ ಕಣ್ಣಲ್ಲೇ ಶಟರ್ ಎತ್ತಿ ಕೂತಳು. ಗಿರಾಕಿ ಬರಲಿಲ್ಲ. "ಅವಳತ್ರ ಕೊಟ್ರೆ ಸಿಡಿಯುತ್ತೆ ಗುರು" ಅಂತ ಒಬ್ಬ ಕ್ಯಾಬ್ ಡ್ರೈವರು ನನ್ನ ಗ್ಯಾರೇಜಿನಲ್ಲೇ ನಿಂತು ಅಂದ. ಅವನ ಕಾಲರ್ ಹಿಡಿದೆ. ಅದರಿಂದ ಏನಾಯಿತು? ನಾನು ಮುಂಗೋಪಿ, ನನ್ನ ಮಾತಿಗೇನು ಬೆಲೆ ಅಂದರು ಜನ.

"ನೀವು ಜಗಳ ಆಡ್ಬೇಡಿ ಅಣ್ಣಾ. ಯಜಮಾನ್ರು ಹೇಳಿದ್ರೆ ಎಲ್ಲಾ ವಾಪಸ್ ಬರ್ತಾರೆ" ಅನ್ನುತ್ತಿದ್ದಳು. ಅಲಿಯಾ ಓದು ಬಿಟ್ಟು ಕಮರ್ಷಿಯಲ್ ಸ್ಟ್ರೀಟಿನ ಬಟ್ಟೆ ಅಂಗಡಿಗೆ ಸೇರಿದ ದಿನವೂ ಅದನ್ನೇ ಅಂದಳು.

ಹೋದ ಆಷಾಢದಲ್ಲಿ ಮುನಿಆಂಜನಪ್ಪ ಬಚ್ಚಲಲ್ಲಿ ಬಿದ್ದವರು ಏಳಲಿಲ್ಲ. ಸುರಯ್ಯಾ ಮುಖ ನೋಡಲು ಬಂದಳು. ಗೇಟಿನ ಹತ್ತಿರ ಯಾರೋ ಹೆಂಗಸು "ಬ್ಯಾಟರಿ ಸಿಡಿಸಿದೋಳು ಇವಳೇ" ಅಂತ ಪಕ್ಕದವಳಿಗೆ ತೋರಿಸಿದಳು. ನನಗೆ ತಡೆಯಲಾಗಲಿಲ್ಲ. ಶಾಮಿಯಾನದ ಕೆಳಗೆ ನಿಂತಿದ್ದ ವಸಂತ್ ಹತ್ತಿರ ಹೋದೆ.

"ನಿಮ್ಮಪ್ಪ ಇವಳಿಗೊಂದು ಮಾತು ಕೊಟ್ಟಿದ್ರು. ಈಗ ಜನ ಇದ್ದಾರೆ, ನೀನೇ ಹೇಳ್ಬಿಡು" ಅಂದೆ.

"ಆಸ್ಪತ್ರೆ ಬಿಲ್ಲೆಲ್ಲಾ ಕಟ್ಟಿದೀವಲ್ಲ, ಇನ್ನೇನ್ರೀ ಬಾಕಿ? ಹೆಣ ಇಟ್ಕೊಂಡು ಪಂಚಾಯ್ತಿ ಮಾಡ್ಬೇಕಾ?" ಅಂದ.

ಬಾಗಿಲಲ್ಲಿ ನಿಖಿತಾ ನಿಂತಿದ್ದಳು, ಮಗು ಕಂಕುಳಲ್ಲಿ. ಅವಳಿಗೆ ಎಲ್ಲ ಗೊತ್ತು. ಸುರಯ್ಯಾಳನ್ನು ನೋಡಿದಳು, ಮಗುವಿನ ತಲೆಗೆ ಸೆರಗು ಮುಚ್ಚಿಕೊಂಡು ಒಳಗೆ ಹೋದಳು.

"ಬನ್ನಿ ಅಣ್ಣಾ, ಸಾವಿನ ಮನೆ" ಅಂತ ಸುರಯ್ಯಾ ನನ್ನ ತೋಳು ಹಿಡಿದೆಳೆದಳು.

ತಿಂಗಳೊಳಗೆ ಶೆಡ್ಡು ಖಾಲಿ ಮಾಡಿದಳು. ಈಗ ಶಿವಾಜಿನಗರದ ಒಂದು ಶಾದಿ ಮಹಲಿನಲ್ಲಿ ಪಾತ್ರೆ ತೊಳೆಯುತ್ತಾಳೆ. ಆ ಒಂದು ಮಾತನ್ನು ಆ ಮನೆಯವರು ಯಾರೂ ಇನ್ನೂ ಹೇಳಿಲ್ಲ.