ಪ್ಲಗ್ ಮೂಸುವ ಮೇಸ್ತ್ರಿ

ನಮ್ಮ ಕಾರು ಮೇಸ್ತ್ರಿಯ ಮೂಗಿನ ತುದಿಯಲ್ಲಿ ಯಾವಾಗಲೂ ಒಂದು ಕರೀ ಚುಕ್ಕೆ ಇರುತ್ತಿತ್ತು. ಮಚ್ಚೆಯಲ್ಲ, ಮಸಿ. ಯಾವ ಕಾರು ಬಂದರೂ ಅದರ ಸ್ಪಾರ್ಕ್ ಪ್ಲಗ್ ಬಿಚ್ಚಿ, ಮಲ್ಲಿಗೆ ಮೊಗ್ಗು ಮೂಸುವವರ ಹಾಗೆ ಕಣ್ಣು ಮುಚ್ಚಿಕೊಂಡು ಮೂಸುತ್ತಿದ್ದರು. ಅವರ ಹೆಂಡತಿ ಸೆರಗಿನಿಂದ ಆ ಮಸಿ ಒರೆಸುತ್ತಾ, "ಈ ಮನುಷ್ಯನ್ಗೆ ಪೌಡ್ರು ಬೇಡಮ್ಮಾ, ಪೆಟ್ರೋಲ್ ಸಾಕು" ಎಂದು ಗೊಣಗುತ್ತಿದ್ದರು.

ಮೈಸೂರು ಮೈನ್ಸ್ ಎಂಬ ಚಿನ್ನದ ಗಣಿಯ ಹಳೇ ಕ್ವಾರ್ಟರ್ಸ್ ಸಾಲಿನಲ್ಲಿ ಅವರ ಮನೆ. ಮನೆ ಮುಂದಿನ ಬೇವಿನ ಮರದ ಕೆಳಗೆ ತಗಡಿನ ಶೆಡ್ಡು. ಗಣಿ ನಡೆಯುತ್ತಿದ್ದಾಗ ನೆಲದೊಳಗೆ ಡ್ರಿಲ್ಲಿಂಗ್ ಮಿಷನ್ನು ರಿಪೇರಿ ಮಾಡುತ್ತಿದ್ದವರು, ಗಣಿ ನಿಂತ ಮೇಲೆ ಕಾರುಗಳಿಗೆ ಬಂದರು. ಮನೆಯಲ್ಲಿ ತಮಿಳು, ಗಿರಾಕಿ ಬೇತಮಂಗಲದ ಆಚೆಯವನಾದರೆ ತೆಲುಗು, ನನ್ನ ಜೊತೆ ಕನ್ನಡ. ಬೈಯುವಾಗ ಮಾತ್ರ ಮೂರೂ ಒಟ್ಟಿಗೆ ಬರುತ್ತಿದ್ದವು.

ನಾನು ದನದ ಡಾಕ್ಟರು. ಅಮ್ಮನ ಜೊತೆ ಬಂಗಾರಪೇಟೆಯಲ್ಲಿ ವಾಸ, ಓಡಾಟವೆಲ್ಲ ಕಾಮಸಮುದ್ರದ ಕಡೆಯ ಹಳ್ಳಿಗಳಿಗೆ. ನನ್ನ ಹಳೇ ಕಾರಿಗೆ ತಿಂಗಳಿಗೊಮ್ಮೆ ಮುನಿಸು ಬರುತ್ತಿತ್ತು, ನನಗೆ ದಿನಕ್ಕೊಮ್ಮೆ. ಮೊದಲ ಸಲ ಶೆಡ್ಡಿಗೆ ಹೋದಾಗಲೇ, "ಪ್ಲಗ್ ಹೋಗಿದೆ, ಹೊಸದು ಹಾಕಿಬಿಡಿ" ಎಂದು ಹುಕುಂ ಮಾಡಿದೆ. ಮೇಸ್ತ್ರಿ ಸ್ಪ್ಯಾನರ್ ಕೆಳಗಿಟ್ಟು ನನ್ನನ್ನೇ ನೋಡಿದರು.

"ಯಾರೋ ರೈತ ಬಂದು, ನಮ್ಮ ಅಸೂಗೆ ಇದೇ ಇಂಜೆಕ್ಷನ್ ಆಕು ಅಂದ್ರೆ, ಆಕ್ಬಿಡ್ತೀಯಾ ಕಣ್ಣು?"

'ಕಣ್ಣು' ಎಂದರೆ ಅವರ ತಮಿಳಿನ ಮುದ್ದಿನಲ್ಲಿ 'ಮಗಳೇ' ಎಂದ ಹಾಗೆ. ಅವತ್ತು ನನ್ನ ಕೈಯಲ್ಲೇ ಪ್ಲಗ್ ಬಿಚ್ಚಿಸಿದರು. ಒಣಗಿ ಇಟ್ಟಿಗೆ ಬಣ್ಣಕ್ಕಿದ್ದರೆ ಆರೋಗ್ಯ, ಮಸಿ ಹಿಡಿದಿದ್ದರೆ ಪೆಟ್ರೋಲು ಜಾಸ್ತಿ ಕುಡಿಯುತ್ತಿದೆ, ಒದ್ದೆಯಾಗಿದ್ದರೆ ಪೆಟ್ರೋಲು ಬಂದರೂ ಕಿಡಿ ಹತ್ತಿಲ್ಲ. ಪ್ಲಗ್ಗು ಚೆನ್ನಾಗಿಯೇ ಇತ್ತು, ಕೆಟ್ಟಿದ್ದು ಬೇರೇನೋ. "ನಾಲ್ಕು ಪ್ಲಗ್ಗಿಗೆ ನಾಲ್ಕು ತಂತಿ. ಒಂದು ಬಿಚ್ಚು, ಅದನ್ನ ಆಕಿದ್ಮೇಲೆ ಇನ್ನೊಂದು. ನಾಲ್ಕೂ ಒಟ್ಟಿಗೆ ಕಿತ್ತೆಯೋ, ನನ್ನ ಶೆಡ್ಡಿಗೆ ಕಾಲಿಡ್ಬೇಡ" ಎಂದರು. ಬಂದ ಗಿರಾಕಿಗಳನ್ನೆಲ್ಲ ಹೀಗೆ ಬಾನೆಟ್ಟಿನ ಕೆಳಗೆ ಬಗ್ಗಿಸುವುದು ಅವರ ಚಾಳಿ. ಇಸ್ತ್ರಿ ಷರ್ಟಿನವರು ಮುಖ ಸಿಂಡರಿಸಿಕೊಂಡು ಬೇರೆ ಗ್ಯಾರೇಜಿಗೆ ಹೋಗುತ್ತಿದ್ದರು. ನಾನು ಮಾತ್ರ, ಅದೇನು ಮೋಡಿಯೋ, ಅವರಿಗೇ ಗಂಟುಬಿದ್ದೆ.

ಆ ವರ್ಷ ಆಯುಧಪೂಜೆಯ ಹಿಂದಿನ ಸಂಜೆ ಕಾರು ತೊಳೆಯುತ್ತಿದ್ದೆ. ಅಮ್ಮ ಪಕ್ಕದಲ್ಲೇ ನಿಂತು, "ಮೇಲ್ ಮೇಲೆ ತೊಳುದ್ರೆ ಪೂಜೆ ಆಯ್ತದೇನೇ? ಬಾನೆಟ್ ಎತ್ತು, ಒಳಗೂ ಉಯ್ಯಿ" ಎಂದಳು. ನಾನೂ ಭಕ್ತಿಯಿಂದ ಎಂಜಿನ್ನಿನ ನೆತ್ತಿಯ ಮೇಲೆ ಎರಡು ಕೊಡ ನೀರು ಸುರಿದು, ಒರೆಸಿ, ಕುಂಕುಮ ಇಟ್ಟು ಮಲಗಿದೆ.

ಬೆಳಿಗ್ಗೆ ಏಳಕ್ಕೆ ಫೋನು. ಕಾಮಸಮುದ್ರದಾಚೆ, ಎರಡೇ ಹಸುವಿನಲ್ಲಿ ಮನೆ ನಡೆಸುವ ಒಬ್ಬ ಹೆಂಗಸು. ನಾಲ್ಕು ವರ್ಷದ ಪರಿಚಯ. ಅಳುತ್ತಿದ್ದಳು.

"ಅಮ್ಮಯ್ಯಾ, ನಮ್ ಕೆಂದಿ ಅಸು ಕರು ಆಕಕ್ಕೆ ಬೆಳಿಗ್ಗೆ ನಾಲ್ಕರಿಂದ ತಿಣುಕ್ತಾ ಅವ್ಳೆ. ಒಂದ್ ಕಾಲ್ ಮಾತ್ರ ಕಾಣ್ತಾ ಅದೆ. ಬೇಗ ಬಾರಮ್ಮಾ, ತಾಯೀನೂ ಓಗ್ತಾಳೆ, ಕರೂನೂ ಓಗ್ತದೆ!"

ಹಗ್ಗ, ಔಷಧಿ ಪೆಟ್ಟಿಗೆ ಕಾರಿಗೆ ಎಸೆದು ಕೀ ತಿರುಗಿಸಿದೆ. ಎಂಜಿನ್ನು ಗರಗರ ಎಂದಿತೇ ಹೊರತು ಹತ್ತಲಿಲ್ಲ. ಇನ್ನೊಮ್ಮೆ, ಮತ್ತೊಮ್ಮೆ. ಹಬ್ಬದ ದಿನ, ಬಸ್ಸು ಹತ್ತು ಗಂಟೆಗೆ. ಬೀದಿಯ ಆಟೋಗಳೆಲ್ಲ ಬಾಳೆಕಂದು ಕಟ್ಟಿಸಿಕೊಂಡು ಪೂಜೆಗೆ ನಿಂತಿದ್ದವು. ಮೇಸ್ತ್ರಿಗೆ ಫೋನು ಮಾಡಿದೆ.

"ಫೋನು... ಎಂಜಿನ್ ಹತ್ರ ಇಡು. ಸೆಲ್ಫ್ ಒಡಿ." ಹೊಡೆದೆ. ಬಹಳ ಹೊತ್ತು ಆ ಕಡೆಯಿಂದ ಮಾತೇ ಇಲ್ಲ. ಆಮೇಲೆ, "ಚೆನ್ನಾಗಿ ತಿರುಗ್ತಿದೆ. ಬ್ಯಾಟರಿ ಮೇಲೆ ಅನುಮಾನ ಬೇಡ." ಮತ್ತೆ ಮೌನ. "ಪೆಟ್ರೋಲ್ ವಾಸ್ನೆ?"

"ಮೂಗಿಗೆ ಹೊಡೀತಿದೆ."

"ಎಣ್ಣೆ ಬರ್ತಿದೆ, ಬೆಂಕಿ ಇಲ್ಲ." ಮತ್ತೆ ಮೌನ. ತಿಂಡಿ ತಿನ್ನುತ್ತಾ ಮಾತಾಡುತ್ತಿದ್ದಾರೆಂದು ನನಗೆ ರೇಗಿಹೋಯಿತು. "ಮೇಸ್ತ್ರಿ, ಇಡ್ಲಿ ಆಮೇಲೆ ತಿನ್ನಿ! ಇಲ್ಲಿ ಹಸು ಸಾಯ್ತಿದೆ!" ಎಂದು ಕಿರುಚಿದೆ. ಆ ಕಡೆ ಸಣ್ಣ ನಗು ಕೇಳಿಸಿತು.

"ಸರಿ ಮಾ. ನೆನ್ನೆ ತೊಳೆದ್ಯಾ?... ಒಳಗೂ?"

"ಎರಡು ಕೊಡ."

"ಅಯ್ಯೋ ಮುರುಗಾ! ಪ್ಲಗ್ ಗುಣಿ ತುಂಬಾ ನೀರು. ತಂತಿ ತೆಗ್ದು... ಬಟ್ಟೆ ತುರುಕಿ ನೀರು ಈರು. ಆಮೇಲೆ ಪ್ಲಗ್ ಬಿಚ್ಚಿ ಒರೆಸು."

ಅಷ್ಟರಲ್ಲಿ ನಾನು ನಾಲ್ಕೂ ತಂತಿಯ ತುದಿ ಪ್ಲಗ್ಗಿನಿಂದ ಕಿತ್ತು ಕೈಯಲ್ಲಿ ಹಿಡಿದಿದ್ದೆ. ಯಾವುದು ಯಾವುದರದ್ದೋ ದೇವರಿಗೇ ಗೊತ್ತು. ಹೇಳಿದಾಗ ನನಗೇ ಅಳು ಬಂತು. ಬೈಗುಳಕ್ಕೆ ಕಾದೆ. ಅವರು ಬೈಯಲಿಲ್ಲ.

"ಅಳ್ಬೇಡ ಕಣ್ಣು. ಉದ್ದ ನೋಡು. ದೂರದ ಪ್ಲಗ್ಗಿಗೆ ಉದ್ದ ತಂತಿ... ಹತ್ರದ್ದಕ್ಕೆ ಗಿಡ್ಡ. ಅವೇ ಹೇಳ್ತವೆ."

ಹೇಳಿದವು. ಅಮ್ಮನ ಹಳೇ ಸೀರೆ ತುಂಡಿನಿಂದ ನೀರು ಹೀರಿ, ಪ್ಲಗ್ಗುಗಳನ್ನೂ ತಂತಿಯ ರಬ್ಬರ್ ಟೋಪಿಗಳನ್ನೂ ಒರೆಸಿ, ಒಂದೊಂದಾಗಿ ಕೂರಿಸಿ ಕೀ ತಿರುಗಿಸಿದೆ. ಎಂಜಿನ್ನು ಎರಡು ಸಲ ಕೆಮ್ಮಿ, ಹೊಗೆ ಬಿಟ್ಟು, ಹತ್ತಿತು. ಥ್ಯಾಂಕ್ಸ್ ಕೂಡ ಹೇಳದೆ ಫೋನಿಟ್ಟು ಹೊರಟೆ.

ಕರುವಿನ ಒಂದು ಮುಂಗಾಲು ಒಳಗೆ ಮಡಚಿಕೊಂಡಿತ್ತು. ಕೈ ಹಾಕಿ ಅದನ್ನು ನೆಟ್ಟಗೆ ಮಾಡುವಷ್ಟರಲ್ಲಿ ನನ್ನ ಸೊಂಟ ಬಿದ್ದುಹೋಗಿತ್ತು. ಹೊರಗೆಳೆದಾಗ ಕರು ಅಲ್ಲಾಡಲಿಲ್ಲ. ಮೂಗಿನ ಲೋಳೆ ತೆಗೆದು, ಗೋಣಿಚೀಲದಿಂದ ಎದೆ ಉಜ್ಜಿದೆ. ಸೀನಿತು! ಹೆಣ್ಣು ಕರು. ಆ ಹೆಂಗಸು ನನ್ನನ್ನು ತಬ್ಬಿಕೊಂಡು, ಆಮೇಲೆ ಹಸುವನ್ನು ತಬ್ಬಿಕೊಂಡು, ಕೊನೆಗೆ ನನ್ನ ಕಾರನ್ನೂ ಮುಟ್ಟಿ ನಮಸ್ಕಾರ ಮಾಡಿದಳು.

ಮರುದಿನ ಅವಳು ಕೊಟ್ಟ ಗಿಣ್ಣು ಹಿಡಿದು ಮೇಸ್ತ್ರಿಯ ಮನೆಗೆ ಹೋದೆ. ಶೆಡ್ಡಿಗೆ ಬೀಗ. ಒಳಗೆ ಮಂಚದ ಮೇಲೆ ಅವರು ಮಲಗಿದ್ದರು, ಪಕ್ಕದಲ್ಲಿ ಆಕ್ಸಿಜನ್ ಸಿಲಿಂಡರ್, ಮುಖದ ಮೇಲೆ ಮಾಸ್ಕು. ಹತ್ತು ದಿನದಿಂದ ಹಾಗೇ ಅಂತೆ. ಗಣಿಯ ಧೂಳು ಶ್ವಾಸಕೋಶದಲ್ಲಿ ಮನೆ ಮಾಡಿತ್ತು. ಅವರ ಕೆಮ್ಮು ನಾನು ಎಷ್ಟೋ ಸಲ ಕೇಳಿದ್ದೆ. ಕೇಳಿ ಸುಮ್ಮನಿದ್ದೆನಲ್ಲ, ಡಾಕ್ಟರಂತೆ ನಾನು!

"ನೆನ್ನೆ ನೀನು ಫೋನ್ ಮಾಡ್ದಾಗ, ಮಾಸ್ಕ್ ಕಿತ್ತು ಒಂದು ಮಾತು, ಆಕ್ಕೊಂಡು ಉಸಿರು, ಮತ್ತೆ ಕಿತ್ತು ಒಂದು ಮಾತು" ಎಂದರು ಅವರ ಹೆಂಡತಿ. "ಬೇಡ ಅಂತ ಕೈ ಮುಗ್ದೆ. ಕೇಳಿದ್ರೆ ತಾನೆ?"

ನೆಲ ಬಾಯಿಬಿಟ್ಟು ನುಂಗಬಾರದೇ ಅನಿಸಿತು. ಅವರ ಕಾಲ ಬಳಿ ಕೂತು, "ಇಡ್ಲಿ ಅಂದುಬಿಟ್ಟೆ ಮೇಸ್ತ್ರಿ" ಎಂದು ಅತ್ತೆ. ಅವರು ಮಾಸ್ಕು ಸರಿಸಿ, "ಕರು ಎದ್ದು ನಿಂತ್ಕೊಂತಾ?" ಎಂದರು. ನಿಂತು ಹಾಲು ಕುಡಿಯಿತು ಎಂದೆ. ಎರಡು ಚಮಚ ಗಿಣ್ಣು ತಿಂದರು.

ಸ್ವಲ್ಪ ಚೇತರಿಸಿಕೊಂಡ ಮೇಲೆ ಅವರನ್ನೂ ಅವರ ಹೆಂಡತಿಯನ್ನೂ ಅದೇ ಕಾರಿನಲ್ಲಿ ಆ ಹಳ್ಳಿಗೆ ಕರೆದುಕೊಂಡು ಹೋದೆ. ಕರು ಅವರ ಅಂಗೈ ನೆಕ್ಕಿತು. ನಡೆದದ್ದನ್ನೆಲ್ಲ ನಾನು ಆ ಹೆಂಗಸಿಗೆ ಹೇಳಿದೆ. ಅವಳು ಅವರಿಗೆ ಒಂದು ದೊಡ್ಡ ಲೋಟ ಕೆಂದಿಯ ಹಾಲು ಕೊಟ್ಟಳು. ಅವರು ಒಂದು ತೊಟ್ಟೂ ಬಿಡದೆ ಕುಡಿದರು. ನನ್ನ ನೆನಪಿನಲ್ಲಿ ಅವರು ಅತ್ಯಂತ ಸಂತೋಷವಾಗಿದ್ದ ದಿನ ಅದು.

ಯುಗಾದಿಗೆ ಮುಂಚೆ ಮೇಸ್ತ್ರಿ ಹೋದರು. ಮೂರನೇ ದಿನ ಹಾಲುತುಪ್ಪ ಬಿಡಲು ಸಮಾಧಿಯ ಹತ್ತಿರ ಸೇರಿದ್ದೆವು. ಯಾರೋ ಹಾಲಿನ ಪ್ಯಾಕೆಟ್ಟು ಕತ್ತರಿಸಲು ಹೊರಟಾಗ ಹಿಂದಿನಿಂದ ಏದುಸಿರಿನ ದನಿಯೊಂದು ಬಂತು.

"ಪಾಕೀಟ್ ಆಲು ಬ್ಯಾಡ ಕಣಣ್ಣಾ! ನಮ್ ಕೆಂದಿ ಆಲು ತಂದಿವ್ನಿ."

ಕಾಮಸಮುದ್ರದ ಆ ಹೆಂಗಸು. ಸುದ್ದಿ ತಿಳಿದು, ಬೆಳಗಿನ ಹಾಲು ಕರೆದು, ಮೊದಲ ಬಸ್ಸು ಹತ್ತಿ, ಕೇಳಿಕೊಂಡು ಕೇಳಿಕೊಂಡು ನಡೆದು ಬಂದಿದ್ದಳು. ಕ್ಯಾನನ್ನು ನನ್ನ ಕೈಗೆ ಕೊಟ್ಟಳು. ಹಾಲು ಇನ್ನೂ ಬೆಚ್ಚಗಿತ್ತು.